ಅತ್ತಿಗೆಯ ಎಡಗಾಲು

ನಮ್ಮ ಅತ್ತಿಗೆಯ ಎಡಗಾಲಿನಂಥ ಎಡಗಾಲು ಭೂಮಂಡಲದಲ್ಲೇ ಇನ್ನೊಂದಿಲ್ಲ. ಕ್ಲಚ್ಚಿನ ಮೇಲೆ ಆ ಕಾಲು ಬಿತ್ತೆಂದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗೇರು ಬದಲಾಗುತ್ತಿತ್ತು. ಹಿಂದೆ ಕೂತವರಿಗೆ ಅದು ಗೊತ್ತಾಗುತ್ತಿದ್ದದ್ದು ಮನೆಗೆ ಹೋಗಿ ಮಲಗಿದ ಮೇಲೆ.

ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಆಸ್ಪತ್ರೆಯೊಂದರಲ್ಲಿ ಡ್ರೈವರ್ ಆದರು. ರೋಗಿಗಳನ್ನು ಕರೆತಂದು ಮತ್ತೆ ಮನೆ ಮುಟ್ಟಿಸುವ ಕೆಲಸ. ಉದ್ದ ಮೂತಿಯ ಹಳೆಯ ಸೆಡಾನು. ಅದರ ಸೀಟು ಎಷ್ಟು ತಗ್ಗು, ಎಷ್ಟು ಮೆತ್ತಗೆ ಎಂದರೆ, ರೋಗಿಯನ್ನು ಇಳಿಸುವುದು ಬಾವಿಗೆ ಬಿದ್ದವರನ್ನು ಮೇಲೆತ್ತಿದಂತೆ. ಮಂಡಿನೋವಿನವರು ಗೊಣಗಿ ಗೊಣಗಿ ಕಡೆಗೆ ಹೊಸ ಕ್ರಾಸ್‌ಓವರ್ ಕಾರು ಬಂತು. ಎತ್ತರದ ಸೀಟು, ಕುರ್ಚಿಯಲ್ಲಿ ಕೂತಷ್ಟೇ ಸಲೀಸು. ಆದರೆ ಕ್ಲಚ್ಚೇ ಇಲ್ಲ! ಇರುವ ಎರಡು ಪೆಡಲೂ ಬಲಗಾಲಿಗೇ.

"ಓಡಿಸಿ ತೋರಿಸಿದ್ರೆ ಕೆಲಸ ನಿಮ್ದು. ಇಲ್ದಿದ್ರೆ ಬೇರೆಯವರನ್ನ ನೋಡ್ಕೋತೀವಿ" ಎಂದರು ಮ್ಯಾನೇಜರು.

ಪರೀಕ್ಷೆಯ ದಿನ ಅವರು ಅತ್ತಿಗೆಯ ಪಕ್ಕ ಕೂತರು. ರೋಗಿಯ ಲೆಕ್ಕದಲ್ಲಿ ನಾನು ಹಿಂದೆ. ಗೇಟಿನ ಬಳಿ ಕಾವಲುಗಾರ ಕೈ ಎತ್ತಿದ. ಅಷ್ಟೇ, ಆ ಜಗದ್ವಿಖ್ಯಾತ ಎಡಗಾಲು ಅಭ್ಯಾಸಬಲದಿಂದ ಕ್ಲಚ್ ಹುಡುಕಿ ಬ್ರೇಕನ್ನೇ ಗುದ್ದಿತು. ಕಾರು ಕಲ್ಲಾಯಿತು. ಮ್ಯಾನೇಜರ ಕನ್ನಡಕ ಹಾರಿ ಗಾಜಿಗೆ ಬಡಿಯಿತು. ನಾನು ಬೆಳಿಗ್ಗೆ ಕುಡಿದ ಕಾಫಿ ಗಂಟಲವರೆಗೆ ಬಂದು ಇಣುಕಿ ನೋಡಿ ಹೋಯಿತು.

"ಏನ್ರೀ ಇದು! ಆಪರೇಷನ್ ಆದವರು ಕೂತಿದ್ರೆ ಹೊಲಿಗೆ ಬಿಚ್ಕೋತಿತ್ತು. ಇನ್ನೊಂದ್ಸಲ ಹೀಗಾದ್ರೆ ಕೀ ಕೊಟ್ಟು ಹೊರಡಿ."

ಅತ್ತಿಗೆ ಎಡಗಾಲಿನ ಚಪ್ಪಲಿ ಬಿಚ್ಚಿ ಹಿಂದಕ್ಕೆ ಚಾಚಿದರು. "ಹಿಡ್ಕೋ."

"ಯಾಕತ್ತಿಗೆ?"

"ಬರಿಗಾಲಲ್ಲಿದ್ರೆ ಇವತ್ತು ರಜಾ ಅನ್ನೋದು ಅದಕ್ಕೆ ನೆನಪಿರುತ್ತೆ."

ಪಾರ್ಕಿಂಗ್‌ಗೆ ಹತ್ತುವ ದಾರಿ ಕಡಿದಾಗಿತ್ತು, ಎರಡೂ ಕಡೆ ಗೋಡೆ. ನಮ್ಮ ಮುಂದೆ ಅದೇ ಹಳೆಯ ಸೆಡಾನು, ಒಳಗೊಬ್ಬ ಹೊಸ ಡ್ರೈವರ್. ಅರ್ಧ ಏರಿನಲ್ಲಿ ಅದು ನಿಂತಿತು. ನಾವೂ ನಿಂತೆವು. ಆಮೇಲೆ ಅದು ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು.

"ಬ್ರೇಕ್! ಬ್ರೇಕ್!" ಮ್ಯಾನೇಜರು ಕಿರುಚಿದರು.

"ಬ್ರೇಕಲ್ಲೇ ಇದೀನಿ ಸಾರ್. ಬರ್ತಿರೋದು ಅವನು."

ಸೆಡಾನಿನ ಹಿಂಭಾಗ ಆನೆಯಷ್ಟಾಗಿ, ಬೆಟ್ಟದಷ್ಟಾಗಿ ಗಾಜಿನ ತುಂಬ ಬೆಳೆಯಿತು. ಅತ್ತಿಗೆಯ ಎಡಗಾಲು ನೆಲದಿಂದ ಎದ್ದೇಬಿಟ್ಟಿತು. ನಾನು ಅವರ ಚಪ್ಪಲಿಯನ್ನು ಎದೆಗವಚಿಕೊಂಡೆ. ಕಾಲು ಗಾಳಿಯಲ್ಲಿ ಒಂದು ಗಳಿಗೆ ನಡುಗಿ, ಮತ್ತೆ ಮ್ಯಾಟಿನ ಮೇಲೆ ಇಳಿದು ಬೆರಳೂರಿ ನಿಂತಿತು. ಅತ್ತಿಗೆ ಕನ್ನಡಿ ನೋಡಿದರು. ಹಿಂದೆ ಯಾರೂ ಇಲ್ಲ. ರಿವರ್ಸ್ ಹಾಕಿ, ಹಾರ್ನ್ ಒತ್ತಿ ಹಿಡಿದು, ಸೆಡಾನು ಜಾರಿದಷ್ಟೇ ವೇಗದಲ್ಲಿ ಬಲಗಾಲೊಂದರಲ್ಲೇ ಹಿಂದೆ ಸರಿದರು. ಕೊನೆಗೂ ಅವನಿಗೆ ಹ್ಯಾಂಡ್‌ಬ್ರೇಕ್ ಸಿಕ್ಕಿತು. ನಡುವೆ ಉಳಿದದ್ದು ಅಂಗೈ ಅಗಲ.

ಮ್ಯಾನೇಜರು ಬೆವರು ಒರೆಸಿಕೊಂಡರು. "ನೋಡಿದ್ರಾ ನಿಮ್ಮ ಹಳೇ ಕಾರಿನ ಯೋಗ್ಯತೆ? ಇದು ಏರಲ್ಲಿ ನಿಂತ ಜಾಗ ಬಿಡಲ್ಲ."

"ಅದು ತಾನಾಗಿ ಜಾರಲಿಲ್ಲ ಸಾರ್, ಏರಲ್ಲಿ ಹಿಡಿದು ನಿಲ್ಸೋದು ಅವನಿಗೆ ಗೊತ್ತಾಗಲಿಲ್ಲ. ಆದ್ರೂ ಮಂಡಿನೋವಿನವರಿಗೆ ಇದೇ ವಾಸಿ."

"ನಾಳೆಯಿಂದ ಇದಕ್ಕೇ ಬನ್ನಿ" ಎಂದು ಅವರು ಇಳಿದು ಹೋದರು.

ನನಗೆ ಹೋದ ಜೀವ ಬಂತು, ಜೊತೆಗೆ ನಾಲಿಗೆಯೂ. "ಅಂತೂ ಅತ್ತಿಗೆ, ನಿಮ್ಮ ಎಡಗಾಲು ಇನ್ಮೇಲೆ ದಂಡಕ್ಕೆ."

"ದಂಡಕ್ಕೆ ಯಾಕಾಗುತ್ತೆ? ನಿನ್ನನ್ನ ಒದೆಯೋಕೆ ಇಟ್ಕೊಂಡಿದೀನಿ. ಚಪ್ಪಲಿ ಕೊಡು."