ಹಡಗಿನ ಅಡುಗೆಯವರ ಕುರ್ಚಿ

ಯುದ್ಧಕಾಲದ ಹಡಗಿನಲ್ಲಿ ದುಡಿದ ಮನುಷ್ಯನನ್ನು ಕಾಪುವಿನ ಸನ್ಮಾನ ಸಭೆಯಲ್ಲಿ ಕುರ್ಚಿಯಿಂದ ಎಬ್ಬಿಸಿದರು. ಇದು ಅನ್ಯಾಯ.

ಅವರು ಉದ್ಯಾವರದ ಲಾದ್ರು ಪೊರ್ಬುಗಳು. ಶ್ರೀಮಂತರು ವಿಲಾಯತಿಗೆ ಹೋಗುತ್ತಿದ್ದ ದೊಡ್ಡ ಹಡಗೊಂದರಲ್ಲಿ ಅಡುಗೆಯವರಾಗಿದ್ದರು. ಯುದ್ಧ ಬಂದಾಗ ಅದಕ್ಕೆ ಬೂದು ಬಣ್ಣ ಬಳಿದು, ದೊರೆಗಳು ಕುಣಿಯುತ್ತಿದ್ದ ಹಜಾರದಲ್ಲಿ ಸಿಪಾಯಿಗಳನ್ನು ತುಂಬಿದರು. ಪೊರ್ಬುಗಳು ಕೆಲಸ ಬಿಟ್ಟು ಓಡಲಿಲ್ಲ. ಸಭೆಗೆ ಕುರ್ಚಿ ಹಾಕಿದವನು ನಾನು; ಮಾಜಿ ಸಿಪಾಯಿಗಳ ಸಾಲಿನಲ್ಲಿ ಅವರನ್ನೂ ಕೂರಿಸಿದೆ.

ಸಭೆಯ ಕಾರ್ಯದರ್ಶಿ ಬಂದರು. "ಪೊರ್ಬುಗಳೇ, ನೀವು ಕೋವಿ ಹಿಡಿದದ್ದು ಉಂಟಾ?"

"ಇಲ್ಲ. ಸೌಟು."

"ಹಾಗಾದರೆ ಏಳಿ. ಒಳಗೆ ಚಹಾದ ಕೆಲಸ ಉಂಟು."

"ಎಂತ ಮಾತು ಇದು?" ಎಂದೆ ನಾನು. "ಹಡಗು ಮುಳುಗಿದ್ದರೆ ಅಡುಗೆಯವರು ತೇಲುತ್ತಿದ್ದರಾ?"

ಪೊರ್ಬುಗಳು ನನ್ನ ಭುಜ ಮುಟ್ಟಿದರು. "ಬಿಡು ಮಾರಾಯ. ಆ ಹಡಗಿನಲ್ಲೂ ನಾವು ಮಲಗಿದ್ದು ಎಲ್ಲರಿಗಿಂತ ಕೆಳಗೇ ಅಲ್ವಾ?"

ಅವರು ಹೋಗಿ ಚಹಾ ಮಾಡಿದರು. ಹಾರ ಹಾಕಿಸಿಕೊಂಡವರೆಲ್ಲ ಕುಡಿದರು. ಬಹಳ ರುಚಿಯಾಗಿತ್ತಂತೆ, ನಾನು ಮುಟ್ಟಲಿಲ್ಲ.

ಮುಂದಿನ ವರ್ಷವೂ ಆ ಸಭೆ ಉಂಟು. ನೀವು ಬನ್ನಿ. ಪೊರ್ಬುಗಳು ಮೊದಲ ಸಾಲಿನಲ್ಲಿ ಕುಳಿತುಕೊಳ್ಳುವವರೆಗೆ ನೀವು ಯಾರೂ ಕುಳಿತುಕೊಳ್ಳಬೇಡಿ.