ಕನ್ನಡಿಯ ಮೂಲೆಯಲ್ಲಿದ್ದ ಅಕ್ಕ

ಆ ಬೆಳಿಗ್ಗೆಯೂ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಪಾತ್ರೆಗೆ ಸುರಿದು, ಅದು ಉಕ್ಕುವ ತನಕ ಕಿಟಕಿಯಾಚೆ ನೋಡುತ್ತ ನಿಂತಿದ್ದೆ. ಶಂಕರಪುರದ ನಮ್ಮ ಬೀದಿಗೆ ಬೆಳಕು ಒಮ್ಮೆಲೇ ಬರುವುದಿಲ್ಲ. ಮೊದಲು ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ಕೂರುತ್ತದೆ, ಆಮೇಲೆ ನಮ್ಮ ಕಾಂಪೌಂಡಿನ ದಾಸವಾಳದ ತುದಿಗೆ ಇಳಿಯುತ್ತದೆ, ಅಡುಗೆಮನೆಯ ಕಟ್ಟೆ ಮುಟ್ಟುವ ಹೊತ್ತಿಗೆ ಡಿಕಾಕ್ಷನ್ ಪೂರ್ತಿ ಇಳಿದಿರುತ್ತದೆ. ರಂಗೋಲಿ ಹಾಕಿ ಬಂದೆ. ಯಜಮಾನರಿಗೆ ಅವಲಕ್ಕಿ ಒಗ್ಗರಣೆ ಮಾಡಿ ಡಬ್ಬಿ ತುಂಬಿದೆ. ಅವರು ಹೊರಡುವಾಗ ತಮ್ಮ ಹಳೆಯ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು, ಫೋಟೋ ತಿದ್ದುವ ಸಾಫ್ಟ್‌ವೇರುಗಳಿಗೆ ಲೆಕ್ಕವೇ ಇಲ್ಲ, ಯಾವುದಾದರೂ ಒಂದು ಹಾಕಿಕೋ, ಎಲ್ಲಾ ಒಂದೇ ಎಂದು ಹೇಳಿ ಹೋದರು.

ಎಲ್ಲಾ ಒಂದೇ ಅಲ್ಲವೆಂದು ತಿಳಿಯುವುದಕ್ಕೆ ನನಗೆ ಸಂಜೆಯವರೆಗೆ ಹಿಡಿಯಿತು.

ಮಾರನೆಯ ದಿನ ಕಳೆದರೆ ಮಹಾಲಯ ಅಮಾವಾಸ್ಯೆ. ನಮ್ಮಲ್ಲಿ ಅಂದು ಹಿರಿಯರಿಗೆ ಎಡೆ ಇಡುತ್ತಾರೆ. ನಡುಮನೆಯಲ್ಲಿ ಮಣೆ ಹಾಕಿ, ಬಿಳಿ ಪಂಚೆ ಹಾಸಿ, ಹೋದವರ ಫೋಟೋಗಳನ್ನು ಸಾಲಾಗಿ ಇಡುವುದು ವಾಡಿಕೆ. ಮಾವನವರದು, ಅವರ ತಂದೆ ತಾಯಿಯದು, ಇನ್ನೂ ಹಿಂದಿನ ಒಬ್ಬ ಪೇಟದ ಅಜ್ಜನದು. ಆ ಸಾಲಿನ ಕೊನೆಯಲ್ಲಿ ಫೋಟೋ ಇಲ್ಲದ ಒಂದು ಜಾಗವಿದೆ. ಅಲ್ಲಿ ಅತ್ತೆ ಒಂದು ಮಡಿಸಿದ ಹಸಿರು ಸೀರೆ ಇಟ್ಟು, ಅದರ ಮೇಲೆ ಬಳೆ ಇಡುತ್ತಾರೆ. ಅದು ಅವರ ಅಕ್ಕ. ಹದಿನಾರು ವರ್ಷಕ್ಕೆ ಜ್ವರ ಬಂದು ಹೋದವಳು. ತವರಿನ ಹುಡುಗಿಗೆ ಗಂಡನ ಮನೆಯಲ್ಲಿ ಎಡೆ ಇಡುವುದುಂಟೇ ಎಂದು ಆ ಕಾಲದಲ್ಲಿ ಯಾರೋ ಕೇಳಿದ್ದರಂತೆ. ಮಾವನವರು, ಹಸಿದವಳು ಯಾವ ಮನೆಯವಳಾದರೇನು, ಇಡಲಿ ಬಿಡಿ ಎಂದಿದ್ದರಂತೆ. ಅಂದಿನಿಂದ ಆ ಸೀರೆಗೂ ಒಂದು ಎಲೆ.

ಈ ಸಲ ಸೀರೆಯ ಜಾಗದಲ್ಲಿ ಮುಖ ಇರಬೇಕು ಎಂಬುದು ಅತ್ತೆಯ ಆಸೆ. ಎಪ್ಪತ್ತನಾಲ್ಕು ವರ್ಷದ ಅವರು ನನ್ನಲ್ಲಿ ಹೀಗೆ ಬಾಯಿಬಿಟ್ಟು ಕೇಳಿದ್ದು ಕಡಿಮೆ. "ಅವಳ ದನಿ ನೆನಪಿದೆ ಕಣಮ್ಮ, ಕೈ ನೆನಪಿದೆ, ಮುಖಾನೇ ಬರ್ತಿಲ್ಲ," ಎಂದಿದ್ದರು. ಹಾಗೆಂದು ಅವರು ನನ್ನ ಕೈಗಿಟ್ಟದ್ದು ತಮ್ಮದೇ ಒಂದು ಫೋಟೋ. ಎಂಟು ವರ್ಷದವರಿದ್ದಾಗ ಮೊಗ್ಗಿನ ಜಡೆ ಹಾಕಿಸಿಕೊಂಡು ತೆಗೆಸಿದ್ದು.

ಮಲ್ಲಿಗೆ ಮೊಗ್ಗುಗಳನ್ನು ಜಡೆಯ ಉದ್ದಕ್ಕೂ ಹೊಲಿದು ಹೆಣ್ಣುಮಕ್ಕಳನ್ನು ಸ್ಟುಡಿಯೋಗೆ ಕರೆದುಕೊಂಡು ಹೋಗುತ್ತಿದ್ದ ಕಾಲ. ಮುಖವೂ ಬರಬೇಕು, ಬೆನ್ನ ಮೇಲಿನ ಜಡೆಯೂ ಬರಬೇಕು. ಅದಕ್ಕೆ ಹುಡುಗಿಯ ಹಿಂದೆ ಒಂದು ನಿಲುಗನ್ನಡಿಯನ್ನು ಸ್ವಲ್ಪ ಓರೆಯಾಗಿ ನಿಲ್ಲಿಸುತ್ತಿದ್ದರು. ಈ ಫೋಟೋದಲ್ಲೂ ಹಾಗೇ. ಮುಂದೆ ದುಂಡುಮುಖದ ಪುಟ್ಟ ಅತ್ತೆ, ಹಿಂದೆ ಕನ್ನಡಿಯಲ್ಲಿ ಬಿಳಿ ಜಡೆ. ಆ ಕನ್ನಡಿಯ ಬಲಮೂಲೆಯಲ್ಲಿ, ಕ್ಯಾಮೆರಾದ ಪಕ್ಕ ನಿಂತಿದ್ದ ಯಾರದೋ ಒಂದು ಮಸುಕು. ಎತ್ತಿದ ಒಂದು ಕೈ, ಭುಜ, ಮುಖವೆನ್ನಬಹುದಾದ ಒಂದು ಬೂದು ಮಚ್ಚೆ. ಜಡೆ ಹೊಲಿದು, ಸ್ಟುಡಿಯೋಗೆ ಕರೆದೊಯ್ದು, ಅಲ್ಲಿ ನಿಂತಿದ್ದವಳು ಆ ಅಕ್ಕ. ಮುಂದಿನ ಮಳೆಗಾಲಕ್ಕೆ ಅವಳಿರಲಿಲ್ಲ. ಇಡೀ ಲೋಕದಲ್ಲಿ ಅವಳದೆಂದು ಉಳಿದಿರುವ ಚಿತ್ರ ಅದೊಂದೇ, ಹೆಬ್ಬೆರಳಿನ ಉಗುರಿನಷ್ಟು.

ಫೋಟೋ ಚೌಕಟ್ಟಿನ ಗಾಜಿಗೆ ಅಂಟಿಕೊಂಡಿತ್ತು. ಬಿಡಿಸಿದರೆ ಮುಖ ಗಾಜಿಗೇ ಹೋಗುತ್ತದೆಂದು ಗಾಂಧಿ ಬಜಾರಿನ ಫ್ರೇಮ್ ಅಂಗಡಿಯವರು ಗಾಜಿನ ಸಮೇತ ಸ್ಕ್ಯಾನ್ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದರು. ತಿದ್ದಿಕೊಡಲು ಅವರಿಗೆ ಬಿಡುವಿರಲಿಲ್ಲ. ಪಿತೃಪಕ್ಷವೆಂದರೆ ಆ ಅಂಗಡಿಗೆ ಸುಗ್ಗಿ. ಮದುವೆಯ ಗುಂಪಿನಿಂದ ಅಜ್ಜಿಯರನ್ನು ಬಿಡಿಸಿ ತೆಗೆಯುವುದು, ಬನಿಯನ್ನಿನಲ್ಲಿರುವ ತಾತಂದಿರಿಗೆ ಕೋಟು ತೊಡಿಸುವುದು. ಹಿಂದಿನ ದಿನ ನಾನು ಹೋದಾಗ ಅವರ ಪರದೆಯ ಮೇಲೆ ತಲೆಯಿಲ್ಲದ ಒಂದು ಕೋಟು ಕಾಯುತ್ತಿತ್ತು. ನಾಳೆ ಸಂಜೆ ಐದು ಗಂಟೆಯೊಳಗೆ ತಿದ್ದಿ ತಂದರೆ ಪ್ರಿಂಟ್ ಕೊಡುತ್ತೇನೆ, ಆಮೇಲೆ ಅಮಾವಾಸ್ಯೆ ಕಳೆಯುವವರೆಗೆ ಆಗುವುದಿಲ್ಲ ಎಂದಿದ್ದರು.

ಹೀಗಾಗಿ ಪಾತ್ರೆ ತೊಳೆದು ಕೈ ಒರೆಸಿಕೊಂಡು ಕೂತೆ.

ಮೊದಲು ಫೋನಿನಲ್ಲೇ ಇದ್ದ ಆಪ್. ಯುಗಾದಿ, ಹುಟ್ಟುಹಬ್ಬಗಳ ಫೋಟೋಗಳಿಗೆ ನಾನು ಬಳಸುತ್ತಿದ್ದದ್ದು, ಒಂದು ಗುಂಡಿ ಒತ್ತಿದರೆ ಸಾಕು. ಒತ್ತಿದೆ. ಪುಟ್ಟ ಅತ್ತೆಯ ಕೆನ್ನೆ ಕೆಂಪಾಯಿತು, ಕಣ್ಣು ದೊಡ್ಡದಾಯಿತು, ತುಟಿಗೆ ಬಣ್ಣ ಬಂತು. ಹಣೆಯ ಕುಂಕುಮವನ್ನು ಕಲೆಯೆಂದು ಅಳಿಸಿಹಾಕಿತ್ತು. ಬಾಗಿಲಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದ ಅತ್ತೆಗೆ ತೋರಿಸಿದೆ. "ಚೆನ್ನಾಗಿದೆ ಮಗು. ಯಾರದು?" ಎಂದರು.

ಎರಡನೆಯದು ಲ್ಯಾಪ್‌ಟಾಪಿಗೆ ಇಳಿಸಿಕೊಂಡ ದೊಡ್ಡ ಸಾಫ್ಟ್‌ವೇರ್. ಪತ್ರಿಕೆಯವರು, ಸಿನಿಮಾದವರು ಬಳಸುತ್ತಾರಂತೆ, ಒಂದು ವಾರ ಪುಕ್ಕಟೆ. ಇಳಿಯುವುದಕ್ಕೇ ಮುಕ್ಕಾಲು ಗಂಟೆ ಬೇಕಾಯಿತು. ತೆರೆದರೆ ಎಡಗಡೆ ಒಂದು ಸಾಲು ಉಪಕರಣ, ಬಲಗಡೆ ಇನ್ನೊಂದು, ಮೇಲೊಂದು, ಪ್ರತಿಯೊಂದರ ಅಡಿಯಲ್ಲೂ ಇನ್ನಷ್ಟು ಅಡಗಿಕೊಂಡಿದ್ದವು. ಮೊದಲ ಸಲ ಬೇರೆಯವರ ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ಹುಡುಕಿದ ಹಾಗಾಯಿತು. ಕಾನ್ವೆಂಟಿನಲ್ಲಿ ಓದಿದ್ದರಿಂದ ಅಲ್ಲಿದ್ದ ಇಂಗ್ಲಿಷ್ ಪದಗಳೆಲ್ಲ ಅರ್ಥವಾಗುತ್ತಿದ್ದವು, ಏನು ಮಾಡಬೇಕೆನ್ನುವುದು ಮಾತ್ರ ಅರ್ಥವಾಗಲಿಲ್ಲ. ಹನ್ನೊಂದೂವರೆಗೆ ಅದನ್ನು ಮುಚ್ಚಿ ಕುಕ್ಕರ್ ಇಟ್ಟೆ.

ಊಟವಾದ ಮೇಲೆ ಅತ್ತೆ ಮಲಗಿದರು. ಆ ಹೊತ್ತು ನಮ್ಮ ಮನೆ ನೀರಿನೊಳಗಿದ್ದಂತಿರುತ್ತದೆ. ಫ್ಯಾನು ನಿಧಾನ ತಿರುಗುತ್ತದೆ, ಬೀದಿಯ ಕೊನೆಯಲ್ಲಿ ಆಟೋ ಹೋದ ಸದ್ದು ಬೇರೆ ಊರಿನಿಂದ ಬಂದಂತೆ ಬರುತ್ತದೆ, ಕಿಟಕಿಯ ಸರಳುಗಳ ನೆರಳು ನೆಲದ ಮೇಲೆ ಯಾರಿಗೂ ಕಾಣದಂತೆ ಸರಿಯುತ್ತದೆ. ಅರೆನಿದ್ದೆಯಲ್ಲಿ ಮೂರನೆಯದನ್ನು ಹುಡುಕಿದೆ. ಅದು ಒಂದು ವೆಬ್‌ಸೈಟು. ಹಳೆಯ ಫೋಟೋಗಳಿಗೆ ಜೀವ ತುಂಬುತ್ತೇವೆ ಎಂದು ಬರೆದಿತ್ತು. ಕನ್ನಡಿಯ ಮೂಲೆಯನ್ನು ಮಾತ್ರ ಕತ್ತರಿಸಿ ಹಾಕಿದೆ. ಒಂದು ಪುಟ್ಟ ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ನನಗೆ ಜೋಂಪು ಹತ್ತಿತ್ತೋ ಏನೋ, ಕಣ್ಣು ಬಿಟ್ಟಾಗ ಪರದೆಯ ತುಂಬ ಒಬ್ಬ ಹುಡುಗಿ ನನ್ನನ್ನೇ ನೋಡುತ್ತಿದ್ದಳು.

ಎಂಥ ಚೆಂದದ ಹುಡುಗಿ. ತಿದ್ದಿದ ಹುಬ್ಬು, ಶಾಂತವಾದ ಕಣ್ಣು, ಮುಚ್ಚಿದ ತುಟಿ, ಒಂದೊಂದು ರೆಪ್ಪೆಯೂ ಎಣಿಸುವ ಹಾಗೆ. ಅಂದರೆ ಇವಳು ಇಷ್ಟು ವರ್ಷ ಆ ಮಸುಕಿನ ಹಿಂದೆ ಹೀಗೇ ಕೂತಿದ್ದಳೇ? ಹಾಗೆಂದು ನಂಬುವುದಕ್ಕೆ ಎಷ್ಟು ಸುಖವಾಗಿತ್ತೆಂದರೆ, ಮತ್ತೆ ಮೂಲ ಚಿತ್ರವನ್ನು ತೆರೆದು ನೋಡಲು ಮನಸ್ಸೇ ಬರಲಿಲ್ಲ. ತೆರೆದೆ. ಅಲ್ಲಿ ಹುಬ್ಬೂ ಇಲ್ಲ, ರೆಪ್ಪೆಯೂ ಇಲ್ಲ. ಯಂತ್ರ ಎಲ್ಲವನ್ನೂ ಎಲ್ಲಿಂದಲೋ ತಂದು ತುಂಬಿತ್ತು.

ಆದರೂ ಮುದ್ರಿಸಿಬಿಡೋಣವೇ ಎನ್ನಿಸಿತು, ಸುಳ್ಳೇಕೆ ಹೇಳಲಿ. ಅವಳನ್ನು ಕಂಡವರು ಈಗ ಅತ್ತೆಯೊಬ್ಬರೇ, ಅವರಿಗೂ ಮುಖ ನೆನಪಿಲ್ಲ. ಎಲೆಯ ಮುಂದೆ ಒಂದು ಚೆಂದದ ಮುಖ ಇದ್ದರೆ ಯಾರಿಗೇನು ನಷ್ಟ?

ಹಿಂದಿನಿಂದ ಅತ್ತೆಯ ಬಳೆಯ ಸದ್ದಾಯಿತು. ಎದ್ದು ಬಂದು ಯಾವಾಗ ನಿಂತಿದ್ದರೋ. ಪರದೆಯ ಹತ್ತಿರ ಬಾಗಿ ಬೆರಳಿನಿಂದ ಆ ಹುಡುಗಿಯ ಕೆನ್ನೆ ಮುಟ್ಟಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಹೀಗಿದ್ಲಾ ಅವಳು?"

ನನ್ನನ್ನು ಕೇಳುತ್ತಿದ್ದರು. ಹುಟ್ಟಿಯೂ ಇರದಿದ್ದ ನನ್ನನ್ನು. ನಾನು ಹ್ಞೂಂ ಎಂದಿದ್ದರೆ ಆ ಗಳಿಗೆಯಿಂದ ಅವರ ಅಕ್ಕ ಇವಳೇ ಆಗಿಬಿಡುತ್ತಿದ್ದಳು. ಎಂದಾದರೊಂದು ದಿನ ನಿಜವಾದ ಮುಖ ನೆನಪಾಗಿ ಬಂದರೂ ಅದಕ್ಕೆ ಜಾಗವಿರುತ್ತಿರಲಿಲ್ಲ.

"ಇಲ್ಲ ಅತ್ತೆ," ಎಂದೆ. "ಇದು ಕಂಪ್ಯೂಟರ್ ಊಹೆ ಮಾಡಿ ಬರೆದದ್ದು. ಇವಳು ಯಾರೂ ಅಲ್ಲ."

ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡರು. ಕೋಪವಿಲ್ಲ, ಅಳುವಿಲ್ಲ. ಅಂಗಡಿಯಲ್ಲಿ ಮೆಚ್ಚಿದ ಸೀರೆಯನ್ನು ಮಡಿಸಿ ವಾಪಸ್ಸು ಕೊಡುವವರ ಹಾಗೆ, "ಬೇರೆಯೋರ ಮನೆ ಹುಡುಗಿಗೆ ನಾವ್ಯಾಕೆ ಎಡೆ ಇಡೋಣ? ಇರೋದನ್ನ ಕೊಡು ಸಾಕು," ಎಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು.

ಆಗ ಮೂರು ಗಂಟೆ. ಏನು ಬೇಕೆಂದು ಮೊದಲ ಸಲ ಸರಿಯಾಗಿ ಯೋಚಿಸಿದೆ. ಬೆಳಕು ಹೆಚ್ಚು ಕಡಿಮೆ ಮಾಡಬೇಕು, ಮೂಲೆ ಕತ್ತರಿಸಿ ದೊಡ್ಡದು ಮಾಡಬೇಕು, ಗಾಜಿನ ಗೀರು, ಧೂಳು ತೆಗೆಯಬೇಕು. ತನ್ನಷ್ಟಕ್ಕೆ ಏನನ್ನೂ ಸೇರಿಸಬಾರದು. ಅಷ್ಟನ್ನೇ ಮಾಡುವ ಒಂದು ಸಾಧುವಾದ ಪುಕ್ಕಟೆ ಸಾಫ್ಟ್‌ವೇರ್ ಸಿಕ್ಕಿತು. ಐದಾರು ಗುಂಡಿ, ಒಂದೇ ಸಾಲು. ಮಾಡಿದ್ದು ತಪ್ಪಾದರೆ ಹಿಂದಕ್ಕೆ ಹೋಗಲು ಒಂದು ಬಾಗಿದ ಬಾಣದ ಗುರುತು, ಎಷ್ಟು ಹೆಜ್ಜೆಯಾದರೂ ಸರಿ. ಶಾಲೆಯಲ್ಲಿ ನಮಗೆ ಚಿತ್ರಕಲೆ ಕಲಿಸುತ್ತಿದ್ದ ಸಿಸ್ಟರ್ ರಬ್ಬರನ್ನು ತಮ್ಮ ಬಿಳಿ ನಿಲುವಂಗಿಯ ತೋಳಿನೊಳಗೆ ಇಟ್ಟುಕೊಂಡಿರುತ್ತಿದ್ದರು. ಬೇಕೆಂದರೆ ಎದ್ದು ಹೋಗಿ ಕೇಳಬೇಕು, ಯಾವ ಗೆರೆ ಅಳಿಸುತ್ತೀಯೆಂದು ತೋರಿಸಬೇಕು. ಅಳಿಸುವ ಗುಂಡಿ ಕೈಗೆ ಸಿಕ್ಕ ಮೇಲೆ ಆ ತೋಳು ನೆನಪಾಗಲಿಲ್ಲ. ಒಂದೊಂದೇ ಬಿಳಿಯ ಚುಕ್ಕಿ ಮುಟ್ಟಿದರೆ ಸುತ್ತಲಿನ ಬೂದು ಬಂದು ಮುಚ್ಚಿಕೊಳ್ಳುತ್ತಿತ್ತು. ಮೊರದಲ್ಲಿ ಕಲ್ಲು ಆರಿಸಿದ ಹಾಗೆ ಆರಿಸುತ್ತ ಹೋದೆ. ಮೈಮರೆತಿದ್ದೆ.

"ಇಲ್ಲೊಂದು ಮಿಂಚ್ತಿತ್ತಲ್ಲ, ಎಲ್ಲೋಯ್ತು?" ಅತ್ತೆ ಕೇಳಿದರು.

ಧೂಳು, ತೆಗೆದೆ ಎಂದೆ.

"ಧೂಳಲ್ಲ ಕಣೆ. ಅದು ಅವಳ ಮೂಗುಬೊಟ್ಟು."

ನಾನು ಒಪ್ಪಲಿಲ್ಲ. ಆ ಚುಕ್ಕಿಯನ್ನು ನಾನೂ ನೋಡಿ ಯೋಚಿಸಿಯೇ ತೆಗೆದಿದ್ದೆ. ನಮ್ಮ ಮನೆಗಳಲ್ಲಿ ಮೂಗು ಚುಚ್ಚಿಸುವುದು ಬಲಗಡೆ. ಅತ್ತೆಗೂ ಬಲಗಡೆ, ನನಗೂ ಬಲಗಡೆ. ಚುಕ್ಕಿ ಇದ್ದದ್ದು ಆ ಮುಖದ ಎಡ ಹೊಳ್ಳೆಯ ಕಡೆ. ಹಾಗೆಂದು ಹೇಳಿದೆ ಕೂಡ. ಅತ್ತೆ ನನ್ನ ಗಲ್ಲ ಹಿಡಿದು, ಕೈತೊಳೆಯುವ ಬೇಸಿನ್ನಿನ ಮೇಲಿದ್ದ ಕನ್ನಡಿಯ ಕಡೆ ತಿರುಗಿಸಿದರು. ನನ್ನ ಮೂಗುಬೊಟ್ಟು ಯಾವ ಕಡೆ ಕಾಣುತ್ತಿದೆಯೆಂದು ನೋಡಿಕೊಂಡೆ.

"ಕಾನ್ವೆಂಟಲ್ಲಿ ಓದ್ದೋಳು," ಎಂದರು ಅತ್ತೆ.

ಅಕ್ಕ ಇದ್ದದ್ದು ಕನ್ನಡಿಯೊಳಗೆ. ಎಡ ಬಲ ಎರಡೂ ಅಲ್ಲಿ ಅದಲುಬದಲು. ಆ ಇಡೀ ಮಸುಕಿನಲ್ಲಿ ನಿಜವಾಗಿ ಅವಳದೇ ಎನ್ನಬಹುದಾದ ಒಂದೇ ಒಂದು ಗುರುತನ್ನು ನಾನು ಒರೆಸಿಹಾಕಿದ್ದೆ. ಯಂತ್ರ ಬರೆದ ಆ ಚೆಂದದ ಹುಡುಗಿಗೂ ಮೂಗುಬೊಟ್ಟು ಇರಲಿಲ್ಲವೆಂದು ಆಗ ಹೊಳೆಯಿತು. ಬಾಗಿದ ಬಾಣವನ್ನು ಒತ್ತಿದೆ. ಒಂದೊಂದೇ ಹೆಜ್ಜೆ ಹಿಂದಕ್ಕೆ. ತೆಗೆದಿದ್ದ ಧೂಳೆಲ್ಲ ಒಂದೊಂದಾಗಿ ವಾಪಸ್ಸು ಬಂತು. ಇಪ್ಪತ್ತೋ ಮೂವತ್ತೋ ಹೆಜ್ಜೆಯಾದ ಮೇಲೆ ಆ ಚುಕ್ಕಿ ಪಟ್ಟನೆ ಹೊತ್ತಿಕೊಂಡಿತು. ಅತ್ತೆ ಉಸಿರು ಬಿಟ್ಟರು. ಆಮೇಲೆ ಅವರು ತೋರಿಸಿದ ಚುಕ್ಕಿಯನ್ನು ಮಾತ್ರ ತೆಗೆದೆ, ಬೇಡವೆಂದದ್ದನ್ನು ಬಿಟ್ಟೆ. ಕೊನೆಗೆ ಚಿತ್ರವನ್ನು ಎಡಬಲ ತಿರುಗಿಸುವ ಗುಂಡಿ ಒತ್ತಿದೆ. ಕನ್ನಡಿಯಿಂದ ಅಕ್ಕ ಈಚೆ ಬಂದಳು.

ನಾಲ್ಕೂ ಮುಕ್ಕಾಲಿಗೆ ಅಂಗಡಿಯಲ್ಲಿದ್ದೆ. ಮೋಡ ಕವಿದು ಗಾಂಧಿ ಬಜಾರು ಮಂಕಾಗಿತ್ತು, ಹೂವಿನವರು ಸುಮ್ಮನೆ ಕೂತಿದ್ದರು. ಅಂಗಡಿಯವರು ಪರದೆ ನೋಡಿ, ಮುಖವೇ ಬಂದಿಲ್ಲವಲ್ಲ ಅಮ್ಮ, ಎರಡು ನಿಮಿಷ ಕೊಟ್ಟರೆ ಕಣ್ಣು ಮೂಗು ಕೂರಿಸಿಕೊಡುತ್ತೇನೆ ಎಂದರು. ಬೇಡ, ಇರುವ ಹಾಗೇ ಕೊಡಿ ಎಂದೆ. ಹೇಳುವಾಗ ಧೈರ್ಯವಿತ್ತು. ಲಕೋಟೆ ಹಿಡಿದು ಮನೆಯ ಕಡೆ ನಡೆಯುವಾಗ ಇರಲಿಲ್ಲ. ಮುಖ ಕೇಳಿದವರಿಗೆ ಮಸುಕನ್ನು ಒಯ್ಯುತ್ತಿದ್ದೇನೆ ಎನಿಸಿತು.

ಅತ್ತೆ ಪ್ರಿಂಟನ್ನು ಹೊರಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಎತ್ತಿದ ಕೈ, ಬೂದು ಮುಖ, ಅದರಲ್ಲೊಂದು ಬೆಳಕಿನ ಚುಕ್ಕಿ. ಮುಖದ ರೇಖೆಗಳು ಒಂದರ ಮೇಲೊಂದು ಸರಿದಂತೆ ಕದಡಿದ್ದವು. "ಹ್ಞೂಂ, ಇಷ್ಟಾದ್ರೂ ಸಿಕ್ತಲ್ಲ," ಎಂದರು. ದನಿಯಲ್ಲಿ ಏನೂ ತಿಳಿಯಲಿಲ್ಲ. ಪ್ರಿಂಟನ್ನು ಮೇಜಿನ ಮೇಲಿಟ್ಟು, ದೀಪ ಹಚ್ಚಲು ಒಳಗೆ ಹೋಗದೆ ಅಲ್ಲೇ ಕೂತಿದ್ದರು. ನಾನೂ ಕೂತೆ.

ಅಷ್ಟರಲ್ಲಿ ಮಹಡಿಯ ಮನೆಯಾಕೆ ಕೆಲಸದಿಂದ ಬಂದವಳು, ನಮ್ಮ ಮನೆಗೆ ಬಂದಿದ್ದ ತನ್ನ ಕೊರಿಯರ್ ತೆಗೆದುಕೊಳ್ಳಲು ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಅವಳಿಗೆ ಈ ಕಥೆ ಯಾವುದೂ ಗೊತ್ತಿಲ್ಲ. ಪೊಟ್ಟಣ ಎತ್ತಿಕೊಳ್ಳುತ್ತ ಮೇಜಿನ ಮೇಲಿದ್ದುದರ ಕಡೆ ಒಮ್ಮೆ ಕಣ್ಣು ಹಾಯಿಸಿದಳು.

"ಅಜ್ಜೀ, ಯಾರು ಇವರು? ನಗು ತಡೆಯೋಕಾಗ್ದೆ ಅಲ್ಲಾಡ್ಬಿಟ್ಟಿದಾರೆ ನೋಡಿ."