ಕೆರೆಯೊಳಗಿನ ಸುತ್ತುದಾರಿ

ನನಗೆ ಹರಿಗೋಲು ನಡೆಸಲು ಬರುತ್ತದೆ ಎಂದರೆ ಬಂಗಾರಪೇಟೆ ಕಡೆಯವರು ಯಾರೂ ನಂಬುವುದಿಲ್ಲ. ನಂಬಿದವರು ಮೊದಲು ಕೇಳುವುದು, ಮೀನು ಎಷ್ಟು ಸಿಗುತ್ತದೆ ಎಂದು. ಮೀನು ಹಿಡಿಯುವುದಿಲ್ಲ ಎಂದರೆ, ಆಚೆ ದಡದಲ್ಲಿ ಏನು ಕೆಲಸ ಎಂದು ಕೇಳುತ್ತಾರೆ. ಕೆಲಸವೂ ಇಲ್ಲ ಎಂದರೆ ನನ್ನ ಮುಖವನ್ನೊಮ್ಮೆ ನೋಡಿ ಮಾತು ಬದಲಾಯಿಸುತ್ತಾರೆ. ಅವರನ್ನು ದೂರಿ ಏನು ಪ್ರಯೋಜನ? ಎಷ್ಟು ಆಳ ಕೊರೆದರೂ ಬೋರ್‌ವೆಲ್ಲಿನಿಂದ ಬರೀ ದೂಳು ಏಳುವ ಸೀಮೆ ನಮ್ಮದು. ನೀರೆಂದರೆ ನಮಗೆ ಟ್ಯಾಂಕರು, ಬಿಂದಿಗೆ, ಸರದಿ, ಜಗಳ. ಅದರ ಮೇಲೆ ಸುಮ್ಮನೆ ಕೂತು ತೇಲಬಹುದು ಎಂಬ ಯೋಚನೆ ಐವತ್ತು ದಾಟುವವರೆಗೆ ನನಗೂ ಬಂದಿರಲಿಲ್ಲ.

ಶೋಕಿಗೆ ಶುರುಮಾಡಿದ್ದಲ್ಲ. ಮನೆಯಲ್ಲಿ ಭಾನುವಾರ ಕಳೆಯಲಾಗದೆ ಶುರುಮಾಡಿದ್ದು.

ನಾನು, ನನ್ನ ಅಕ್ಕ ಇಬ್ಬರೂ ಮದುವೆಯಾಗದೆ ಉಳಿದವರು. ಅವಳಿಗೆ ಜಾತಕ ಕೂಡಿಬರಲಿಲ್ಲ, ನನಗೆ ಬಾಯಿ ಜೋರಾಯಿತು ಎಂದು ಊರಿನವರು ಹೇಳುತ್ತಾರೆ; ಎರಡನೆಯದು ನಿಜವಿದ್ದರೂ ಇರಬಹುದು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಹಳ್ಳಿಯ ಮನೆಯಲ್ಲಿ ನಾವಿಬ್ಬರೇ. ಊರಿಗೆ ಅವಳು ದೊಡ್ಡಕ್ಕ, ನಾನು ಚಿಕ್ಕಕ್ಕ. ಅವಳು ಎರಡು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದಳು. ನಾನು ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿನ ಒಂದು ಔಷಧಿ ಗೋಡೌನಿಗೆ ಬಿಲ್ಲು ಹಾಕುವ ಕೆಲಸಕ್ಕೆ ಹೋಗುತ್ತಿದ್ದೆ, ಈಗಲೂ ಹೋಗುತ್ತೇನೆ.

ರೈಲಿನಲ್ಲಿ ನನಗೊಂದು ಬೇರೆ ಸಂಸಾರವೇ ಇತ್ತು. ಕೆಜಿಎಫ್‌ನ ಹೆಂಗಸರು ರೈಲು ಹೊರಡುವ ಮಾರಿಕುಪ್ಪಂನಲ್ಲೇ ಹತ್ತಿ ನನಗೆ ಸೀಟು ಹಿಡಿದಿಡುತ್ತಿದ್ದರು. ಅವರು ತಮಿಳಿನಲ್ಲಿ ಕೇಳುವುದು, ನಾನು ಕನ್ನಡದಲ್ಲಿ ಹೇಳುವುದು, ನಡುವೆ ಯಾರಾದರೂ ತೆಲುಗಿನಲ್ಲಿ ಬಾಯಿ ಹಾಕುವುದು. ಸೊಪ್ಪು ಬಿಡಿಸುತ್ತಿದ್ದೆವು, ಹೂ ಕಟ್ಟುತ್ತಿದ್ದೆವು, ಗಂಡಂದಿರನ್ನು ಬೈಯುತ್ತಿದ್ದೆವು. ಸ್ವಂತ ಗಂಡನಿಲ್ಲದ ನಾನು ಪಕ್ಕದವಳ ಗಂಡನನ್ನು ಬೈದು ಸಮಾಧಾನ ಪಟ್ಟುಕೊಳ್ಳುತ್ತಿದ್ದೆ. ಸಂಜೆ ಮನೆಗೆ ಬರುವಷ್ಟರಲ್ಲಿ ನನ್ನ ಮಾತೆಲ್ಲ ಮುಗಿದುಹೋಗಿರುತ್ತಿತ್ತು.

ನಮ್ಮೂರಿಗೂ ಬಸ್ಸು ನಿಲ್ಲುವ ರಸ್ತೆಗೂ ನಡುವೆ ಕೆರೆ ಇದೆ. ಆಗ ಅದು ಹೆಸರಿಗಷ್ಟೇ ಕೆರೆ. ನಾನು ಕೆಲಸಕ್ಕೆ ಸೇರಿದಾಗಿನಿಂದ ಅದರಲ್ಲಿ ನೀರು ನಿಂತಿದ್ದನ್ನು ಕಂಡಿರಲಿಲ್ಲ. ನಡುವೆ ಜಾಲಿ ಬೆಳೆದು ಕಾಡಾಗಿತ್ತು. ಏರಿಯ ಮೇಲೆ ಬಳಸಿಕೊಂಡು ಹೋದರೆ ದೂರವೆಂದು ನಾವು ಕೆರೆಯ ಅಂಗಳದಲ್ಲೇ ಅಡ್ಡ ಹಾಯುತ್ತಿದ್ದೆವು. ಬೆಳಿಗ್ಗೆ ಇನ್ನೂ ಮಬ್ಬಿರುವಾಗಲೇ ಅಕ್ಕ ಟಾರ್ಚು ಹಿಡಿದು ನನ್ನ ಜೊತೆ ಹೊರಡುತ್ತಿದ್ದಳು, ನಾಯಿಗಳ ಕಾಟ ಎಂದು. ಸಂಜೆ ಆಚೆ ದಡದಲ್ಲಿ ಬಸ್ಸಿಗೆ ಕಾದು ನಿಂತಿರುತ್ತಿದ್ದಳು. "ನಾನೇನ್ ಎಳೇ ಮಗುನಾ? ಬರ್ಬೇಡ" ಎಂದು ಎಷ್ಟು ಗದರಿದರೂ ಬರುತ್ತಿದ್ದಳು.

ದಾರಿ ಜಾಲಿ ಕಾಡಿನ ಬಲಕ್ಕೆ ದೊಡ್ಡ ಸುತ್ತು ಹಾಕುತ್ತಿತ್ತು. ಎಡಗಡೆಯಿಂದ ನೇರವಾಗಿ ಹೋಗಬಾರದಾ ಎಂದು ಮೊದಮೊದಲೇ ಕೇಳಿದ್ದೆ.

"ಆ ಕಡೆ ಮರಳು ತಗ್ದಿರೋ ಗುಂಡಿಗಳವೆ ಕಣೇ. ಬಿದ್ರೆ ಮೂಳೆನೂ ಸಿಗಾಕಿಲ್ಲ. ಈ ಕಡೆನೇ ಓಗಾಣ" ಎಂದಳು ಅಕ್ಕ.

ಲಾರಿಗಳು ಬಂದು ಕೆರೆಯ ಮರಳು ತುಂಬಿಕೊಂಡು ಹೋಗುತ್ತಿದ್ದುದು ಊರಿಗೇ ಗೊತ್ತಿದ್ದ ಸಂಗತಿ. ಹಾಗಾಗಿ ನಂಬಿದೆ. ಬೆಳಕು ಹರಿಯುವ ಮೊದಲು ಹೋಗಿ, ಮಬ್ಬಾದ ಮೇಲೆ ಬಂದು, ಭಾನುವಾರವೆಲ್ಲ ಬಿದ್ದುಕೊಂಡಿರುತ್ತಿದ್ದ ನನಗೆ ನಮ್ಮೂರಿನ ಹಗಲು ಹೇಗಿರುತ್ತದೆ ಎಂಬುದೇ ಸರಿಯಾಗಿ ಗೊತ್ತಿರಲಿಲ್ಲ.

ಆ ಸುತ್ತುದಾರಿಯುದ್ದಕ್ಕೂ ಅಕ್ಕ ಮಾತಾಡುತ್ತಿದ್ದಳು. ಕರೀಹಸು ಮೇವು ಮುಟ್ಟದೆ ಮುನಿಸಿಕೊಂಡದ್ದು, ಡೈರಿಯಲ್ಲಿ ಯಾರೋ ಹಾಲಿಗೆ ನೀರು ಬೆರೆಸಿ ಸಿಕ್ಕಿಬಿದ್ದದ್ದು, ಅಮ್ಮ ಕನಸಿನಲ್ಲಿ ಬಂದು ಹುಣಸೆಹಣ್ಣು ಕೇಳಿದ್ದು. ಒಂದು ಮುಗಿಯುವ ಮೊದಲೇ ಇನ್ನೊಂದು. ನಾನು ಹೂಂ ಹೂಂ ಎನ್ನುತ್ತಾ ಗಡಿಯಾರ ನೋಡಿಕೊಂಡು ನಡೆಯುತ್ತಿದ್ದೆ. ಅವಳಿಗೆ ನನ್ನ ಹೂಂ ಸಾಕಾಗುತ್ತಿತ್ತು. ಹೀಗೇ ವರ್ಷಗಳು ಹೋದವು.

ಒಂದು ಚಳಿಗಾಲದಲ್ಲಿ ಅಕ್ಕ ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಆ ವರ್ಷವೇ ಮಳೆ ಹಿಡಿಯಿತು. ಇಷ್ಟು ವರ್ಷ ಎಲ್ಲಿತ್ತೋ ಆ ಮಳೆ! ಬೇತಮಂಗಲದ ಕೆರೆ ತುಂಬಿ ಕೋಡಿ ಹರಿಯಿತು. ನೋಡಲು ಜನ ಬಸ್ಸು, ಬೈಕು, ಟ್ರಾಕ್ಟರು ಹತ್ತಿ ಹೋದರು. ಆಮೇಲೆ ನಮ್ಮೂರ ಕೆರೆಯೂ ತುಂಬಿತು. ಊರಿಗೆ ಊರೇ ಬಂದು ಬಾಗಿನ ಬಿಟ್ಟು, ತಮಟೆ ಹೊಡೆಸಿ ಕುಣಿಯಿತು. ನಾನೊಬ್ಬಳು ಮಾತ್ರ ಮುಖ ಗಂಟು ಹಾಕಿಕೊಂಡು ಏರಿಯ ಮೇಲೆ ನಿಂತಿದ್ದೆ. ನಾವಿಬ್ಬರು ನಡೆದ ದಾರಿ ಆ ನೀರಿನಡಿಗೆ ಹೋಗಿತ್ತು. ಗಂಗಮ್ಮನ ಮೇಲೆ ಸಿಟ್ಟು ಮಾಡಿಕೊಂಡವಳು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಹಸುಗಳನ್ನು ಕೊಟ್ಟುಬಿಟ್ಟೆ. ಮನೆ ಇನ್ನೂ ಖಾಲಿಯಾಯಿತು. ಒಬ್ಬಳಿಗೆ ಸಾರು ಮಾಡುವ ಅಳತೆ ನನ್ನ ಕೈಗೆ ಇವತ್ತಿಗೂ ಬಂದಿಲ್ಲ. ಮಾಡಿದ್ದನ್ನೇ ಮೂರು ದಿನ ಬಿಸಿ ಮಾಡಿ ಉಣ್ಣುತ್ತಿದ್ದೆ. ವಾರದ ದಿನಗಳು ರೈಲಿನಲ್ಲಿ ಕಳೆಯುತ್ತಿದ್ದವು. ಭಾನುವಾರ ಮಾತ್ರ ಎದೆಯ ಮೇಲೆ ಬೀಸುಕಲ್ಲು ಇಟ್ಟಂತಿರುತ್ತಿತ್ತು. ಟಿವಿ ಹಾಕಿದರೆ ಅದು ಬೇರೆ ಯಾರ ಜೊತೆಗೋ ಮಾತಾಡುತ್ತಿದೆ ಅನ್ನಿಸುತ್ತಿತ್ತು. ತಡೆಯಲಾಗದೆ ಕೆರೆ ಏರಿಗೆ ಹೋಗಿ ಕೂರುತ್ತಿದ್ದೆ.

ಕೆರೆಯಲ್ಲಿ ಮೀನು ಬಿಡುವ ಗುತ್ತಿಗೆಯನ್ನು ನಮ್ಮೂರಿನವನೇ ಒಬ್ಬ ಹಿಡಿದಿದ್ದ. ಮೂವತ್ತರ ಆಸುಪಾಸಿನವನು. ಬೆಂಗಳೂರಿನಲ್ಲಿ ಕಟ್ಟಡಗಳ ಸೆಂಟ್ರಿಂಗ್ ಕೆಲಸ ಬಿಟ್ಟು ಬಂದವನು. ಎಲ್ಲಿಂದಲೋ ಒಂದು ಫೈಬರ್ ಹರಿಗೋಲು ತಂದಿದ್ದ. ದೊಡ್ಡ ಬುಟ್ಟಿಯಂತೆ ದುಂಡಗಿರುವ ಅದಕ್ಕೆ ಅವನು ತೆಲುಗಿನವರ ಹಾಗೆ ಪುಟ್ಟಿ ಎನ್ನುತ್ತಿದ್ದ. ಅದರಲ್ಲಿ ಕೂತು ಅವನು ನಮ್ಮ ದಾರಿಯ ಮೇಲೆಲ್ಲ ಓಡಾಡುವುದನ್ನು ನೋಡಿ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಒಂದು ಭಾನುವಾರ ಕೇಳಿಯೇ ಬಿಟ್ಟೆ.

"ನನ್ನೂ ಒಂದ್ಸಲ ಕೂರಿಸ್ಕೊಂಡು ಓಗಪ್ಪ."

"ಎಲ್ಲಿಗ್ ಓಗ್ಬೇಕು ಚಿಕ್ಕಕ್ಕ?"

"ಎಲ್ಲಿಗೂ ಇಲ್ಲ."

"ಎಲ್ಲಿಗೂ ಓಗ್ದೆ ಇರೋಕೆ ಮನೇಲೇ ಕೂರ್ಬೋದಲ್ಲ?"

"ಮನೇಲಿ ಕೂತು ಸಾಕಾಗೈತೆ ಕಣೋ" ಎಂದೆ. ಅವನು ನನಗೆ ಈಜು ಬಾರದೆಂದು ಎರಡು ಖಾಲಿ ಕ್ಯಾನುಗಳನ್ನು ಸೊಂಟಕ್ಕೆ ಕಟ್ಟಿ ಕೂರಿಸಿದ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈಯಲ್ಲಿದ್ದ ಬಟ್ಟೆ ಬಿಟ್ಟು ನಿಂತರು.

"ಏನಕ್ಕೆ ಓಯ್ತಿದೀಯ ಚಿಕ್ಕಕ್ಕ?" ಎಂದು ಒಬ್ಬಳು ಕೂಗಿದಳು.

"ಸುಮ್ನೆ!"

"ಊರಿಕೇನಾ?" ಎಂದಳು ಇನ್ನೊಬ್ಬಳು ತೆಲುಗಿನಲ್ಲಿ, ಸುಮ್ಮಸುಮ್ಮನೇನಾ ಎಂಬಂತೆ. ಅಷ್ಟಕ್ಕೆ ದಡವೆಲ್ಲ ನಕ್ಕಿತು. ಆ ವಾರ ಊರಿನಲ್ಲಿ ನನ್ನ ಹೆಸರೇ ಊರಿಕೆ ಎಂದಾಯಿತು.

ದಡ ಬಿಟ್ಟೆವು. ಪುಟ್ಟಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದ್ದೆ. ಸ್ವಲ್ಪ ಹೊತ್ತಿಗೆ ಹೆಂಗಸರ ನಗು ದೂರವಾಯಿತು. ಕಣ್ಣು ಬಿಟ್ಟರೆ ಸುತ್ತ ನೀರು, ಒಣಗಿ ಬೂದಿ ಬಣ್ಣಕ್ಕೆ ತಿರುಗಿದ ಜಾಲಿಯ ತುದಿಗಳು, ಅವುಗಳ ಮೇಲೆ ರೆಕ್ಕೆ ಹರವಿ ಕೂತ ನೀರುಕಾಗೆಗಳು. ಸದ್ದಿಲ್ಲ. ಮನೆಯಲ್ಲೂ ಸದ್ದಿರುವುದಿಲ್ಲ, ಆದರೆ ಅಲ್ಲಿ ಸದ್ದು ಮಾಡಬೇಕಾದವಳು ಒಬ್ಬಳು ಇಲ್ಲ ಎಂಬುದು ಕ್ಷಣಕ್ಷಣಕ್ಕೂ ಗೊತ್ತಾಗುತ್ತದೆ. ನೀರಿನ ಮೇಲೆ ಹಾಗಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ನೆಟ್ಟಗೆ ಉಸಿರಾಡಿದೆ.

ಆಮೇಲೆ ಪ್ರತಿ ಭಾನುವಾರ ಹೋಗತೊಡಗಿದೆ. ಹುಟ್ಟು ಹಾಕುವುದನ್ನು ಕಲಿಸು ಎಂದು ಗಂಟುಬಿದ್ದೆ. ಅವನಿಗೂ ಅಷ್ಟಕ್ಕಷ್ಟೇ ಬರುತ್ತಿತ್ತು. ದುಂಡಗಿನ ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಒಂದೇ ಪಕ್ಕ ಹುಟ್ಟು ಹಾಕಿದರೆ ಗಿರಗಿರ ತಿರುಗುತ್ತದೆ. ಹೋಗಬೇಕಾದ ಕಡೆಯ ನೀರನ್ನು ನಮ್ಮ ಕಡೆಗೆ ಎಳೆದುಕೊಳ್ಳಬೇಕು. ಇದು ನಮ್ಮಿಬ್ಬರಿಗೂ ಹೊಳೆಯುವಷ್ಟರಲ್ಲಿ ಒಂದು ತಿಂಗಳು ತಿರುಗಿ ತಿರುಗಿ ವಾಂತಿ ಮಾಡಿಕೊಂಡೆ. ಬೈದುಕೊಂಡೆ. ಬಿಡಲಿಲ್ಲ. ನನಗೆ ಅಕ್ಕನ ದಾರಿ ವಾಪಸು ಬೇಕಿತ್ತು, ಅಷ್ಟೇ. ಅದು ಬಿಟ್ಟು ಆಗ ನನಗೆ ಈ ಲೋಕದಲ್ಲಿ ಇನ್ನೇನೂ ಬೇಕಿರಲಿಲ್ಲ.

ಕೈ ಪಳಗಿದ ಮೇಲೆ ಹೊರಟದ್ದು ಆ ದಾರಿಯಲ್ಲೇ. ನೆಲ ಕಾಣದಿದ್ದರೇನು, ಕಾಲಿಗೆ ಗೊತ್ತಿತ್ತು. ಮುಳುಗಿದ ಬಂಡೆಯ ನೆತ್ತಿಯ ಹತ್ತಿರ ಬಲಕ್ಕೆ, ಯಾರದೋ ಪಂಪ್‌ಸೆಟ್ಟಿನ ಕಂಬ ದಾಟಿ, ಜಾಲಿ ಕಾಡನ್ನು ಪೂರ್ತಿ ಸುತ್ತಿ, ಎತ್ತರದ ಜಾಲಿಯ ಬಳಿ ಎಡಕ್ಕೆ. ಇಲ್ಲಿ ಅಕ್ಕ ಸೆರಗಿಗೆ ಸಿಕ್ಕ ಮುಳ್ಳು ಬಿಡಿಸಿಕೊಳ್ಳಲು ನಿಲ್ಲುತ್ತಿದ್ದಳು, ಇಲ್ಲಿ ಟಾರ್ಚು ಆರಿಸುತ್ತಿದ್ದಳು ಎಂದು ಒಳಗೇ ಹೇಳಿಕೊಳ್ಳುತ್ತಾ ಹುಟ್ಟು ಹಾಕುತ್ತಿದ್ದೆ. ಕೆಲವೆಡೆ ಬಾಯಿಬಿಟ್ಟೇ ಹೂಂ ಎನ್ನುತ್ತಿದ್ದೆ. ಪುಟ್ಟಿಯವನು ಬಲೆ ಬಿಡಿಸುತ್ತಾ ಕೂತಿರುತ್ತಿದ್ದ, ಕೇಳಿಯೂ ಕೇಳದವನ ಹಾಗೆ.

ಒಂದು ಭಾನುವಾರ ಗಾಳಿ ಜೋರಾಗಿತ್ತು. ಎಷ್ಟು ಎಳೆದರೂ ಪುಟ್ಟಿ ನನ್ನ ಮಾತು ಕೇಳದೆ ಜಾಲಿಯ ಎಡಗಡೆಗೆ ಜಾರಿತು. ಕೂಗಿಕೊಂಡೆ.

"ಲೋ, ತಿರುಗ್ಸೋ! ಆ ಕಡೆ ಗುಂಡಿಗಳವೆ! ಬೇಡ, ಬೇಡ!"

ಅವನು ಬಿದ್ದು ಬಿದ್ದು ನಕ್ಕ. "ಪುಟ್ಟಿ ಮೇಲೆ ಕೂತವ್ರಿಗೆ ಕೆಳಗಡೆ ಗುಂಡಿ ಇದ್ರೇನು, ಬೆಟ್ಟ ಇದ್ರೇನು ಚಿಕ್ಕಕ್ಕ?"

ನನಗೂ ನಾಚಿಕೆಯಾಯಿತು. ಇಷ್ಟು ದಿನ ನೀರಿನ ಮೇಲೆ ಕೂತು ನೀರಿನಡಿಯ ಗುಂಡಿಗೆ ಹೆದರಿ ಸುತ್ತು ಹಾಕಿದ್ದೆ. ಆದರೂ ಬಾಯಿ ಸುಮ್ಮನಿರಲಿಲ್ಲ. "ನಗ್ಬೇಡ. ಮರಳು ತಗ್ದು ಪಾತಾಳ ಮಾಡವ್ರೆ. ನಮ್ಮಕ್ಕನೇ ಹೇಳಿದ್ಲು" ಎಂದೆ.

"ಮರಳು ತಗ್ದಿದ್ದು ಕೋಡಿ ಅತ್ರ ಅಲ್ವಾ? ಇಲ್ಲೆಲ್ಲಿ?" ಎನ್ನುತ್ತಾ ಅವನು ಬಿದಿರು ಗಳ ಎತ್ತಿ ನೀರಿಗಿಳಿಸಿದ. ತಳ ಸಿಕ್ಕಿತು. ಸ್ವಲ್ಪ ಮುಂದೆ ಹೋಗಿ ಮತ್ತೆ ಇಳಿಸಿದ. ಗಳ ಮೊದಲಿನಷ್ಟೇ ಮುಳುಗಿತು. ಆಚೆ, ಈಚೆ, ಎಲ್ಲಿ ಇಳಿಸಿದರೂ ಅಷ್ಟೇ. "ನೋಡು, ಕಣ ಇದ್ದಂಗದೆ. ನಾವು ಕ್ರಿಕೆಟ್ ಆಡ್ತಿದ್ದಿದ್ದೇ ಇಲ್ಲಿ. ಗುಂಡಿ ಇದ್ದಿದ್ರೆ ಆಡೋಕಾಯ್ತಿತ್ತಾ?"

"ಹಂಗಾರೆ ಅವ್ಳಿಗೆ ಗೊತ್ತಿರ್ಲಿಲ್ವೇನೋ" ಎಂದೆ.

"ಯಾರ್ಗೆ, ದೊಡ್ಡಕ್ಕಂಗಾ? ನಿನ್ನ ಬಸ್ಸಿಗ್ ಬಿಟ್ಟು ವಾಪಸ್ ಬರ್ತಿದ್ದಿದ್ದೇ ಈ ಕಡೆಯಿಂದ. ನಮ್ ಪಿಚ್ ಮೇಲೇ ಸೀದಾ ನಡ್ಕೊಂಡ್ ಬರೋಳು. ಆಟ ನಿಲ್ಸಿ ಕಾಯ್ಬೇಕಾಗಿತ್ತು. ಸಂಜೆ ನಿನ್ನ ಕರ್ಕೊಂಬರಕೆ ಓಗೋವಾಗ್ಲೂ ಇಂಗೇ ಓಗೋಳು. ಬೈದ್ರೆ ನಗೋಳು."

ಅವನು ಇನ್ನೂ ಏನೇನೋ ಹೇಳಿದ, ಯಾರು ಎಷ್ಟು ಸಿಕ್ಸರ್ ಹೊಡೆಯುತ್ತಿದ್ದರು ಎಂದೆಲ್ಲ. ನನ್ನ ಕಿವಿಗೆ ಬೀಳಲಿಲ್ಲ. ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟೆ. ಒಬ್ಬಳೇ ಇರುವಾಗ ನೇರ ದಾರಿ. ನನ್ನ ಜೊತೆಗಿರುವಾಗ ಸುತ್ತುದಾರಿ. ಇಡೀ ದಿನ ಎರಡು ಹಸುಗಳ ಮುಖ ನೋಡಿಕೊಂಡು ಇರುತ್ತಿದ್ದವಳಿಗೆ ಒಂದು ಹೂಂ ಕೇಳಿಸುತ್ತಿದ್ದುದು ಕೆರೆಯ ಅಂಗಳದಲ್ಲಿ ಮಾತ್ರ. ಮನೆಗೆ ಬಂದರೆ ನಾನು ಉಂಡು ಮಲಗುತ್ತಿದ್ದೆ. ಒಬ್ಬಂಟಿತನ ಅವಳು ಸತ್ತ ಮೇಲೆ ಆ ಮನೆಗೆ ಬಂದದ್ದೆಂದು ನಾನು ತಿಳಿದಿದ್ದೆ. ಅದು ಮೊದಲಿನಿಂದಲೂ ಅಲ್ಲಿತ್ತು. ಹಗಲೆಲ್ಲ ಅದನ್ನು ಅವಳ ಪಾಲಿಗೆ ಬಿಟ್ಟು ನಾನು ರೈಲಿಗೆ ಹೋಗುತ್ತಿದ್ದೆ. ನೀರಿನ ನಡುವೆ ಕೂತು ಗಟ್ಟಿಯಾಗಿ ಅತ್ತೆ. ಪುಟ್ಟಿಯವನು ಗಾಬರಿಯಾಗಿ, "ನಿಂಗೆ ಕ್ರಿಕೆಟ್ ಇಷ್ಟ ಇಲ್ದಿದ್ರೆ ಏಳಾಕಿಲ್ಲ ಬಿಡಕ್ಕ" ಎಂದ. ಅಳುವಿನಲ್ಲೂ ನಗು ಬಂತು.

ಮುಂದಿನ ಭಾನುವಾರ, ನಾನೊಬ್ಬಳೇ ಹೋಗುತ್ತೇನೆ, ಪುಟ್ಟಿ ಕೊಡು ಎಂದೆ. ಎರಡು ಕ್ಯಾನು ನಾಲ್ಕಾದವು, ಅಷ್ಟೇ ಅವನು ಹಾಕಿದ ಷರತ್ತು. ಗಾಳಿ ಇರಲಿಲ್ಲ. ಬಂಡೆಯ ಹತ್ತಿರ ಬಲಕ್ಕೆ ತಿರುಗಲು ಕೈ ತಾನಾಗೇ ಎಳೆಯಿತು. ತಡೆದುಕೊಂಡು ಜಾಲಿಯ ಎಡಕ್ಕೆ, ಕ್ರಿಕೆಟ್ ಆಡುತ್ತಿದ್ದ ಜಾಗದ ಮೇಲೆ ಸೀದಾ ಹೋದೆ. ಆ ದಾರಿ ಎಷ್ಟು ಉದ್ದವಿದೆ ಎಂದು ನನಗೆ ಒಮ್ಮೆ ನೋಡಬೇಕಿತ್ತು. ಕೆಲಸದ್ದು, ರೈಲಿನದ್ದು, ಏನೂ ಮುಚ್ಚಿಡದೆ ಅಕ್ಕನಿಗೆ ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಶುರುಮಾಡಿದೆ. ಗೋಡೌನಿನ ವಿಷಯ ಅರ್ಧಕ್ಕೆ ಬಂದಿತ್ತು, ಪುಟ್ಟಿ ಆಚೆ ದಡಕ್ಕೆ ತಗುಲಿತು.

ಇಷ್ಟೇ ದಾರಿ. ಮಾತಿಗೆ ಇಷ್ಟೇ ಇದ್ದಿದ್ದರೆ ನನಗೂ ಸಾಲುತ್ತಿರಲಿಲ್ಲ.